ಹಾಸಿಗೆ ಹಿಡಿದವರ ಮೂತ್ರಪಾತ್ರೆ: ವಿನ್ಯಾಸ ಶುರುವಾಗಬೇಕಾದದ್ದು ಬಚ್ಚಲಲ್ಲಿ

ಮಲಗಿದಲ್ಲೇ ಮೂತ್ರ ಮಾಡಿಸುವ ಪಾತ್ರೆ ನೋಡುವುದಕ್ಕೆ ಸರಳ. ಒಂದು ಬಾಯಿ, ಒಂದು ಹೊಟ್ಟೆ, ಒಂದು ಹಿಡಿ, ಅಷ್ಟೇ. ಆದರೆ ದಿನಕ್ಕೆ ಆರೇಳು ಸಲದಂತೆ ತಿಂಗಳುಗಟ್ಟಲೆ ಅದನ್ನು ಬಳಸುವವರನ್ನು ಕೇಳಿದರೆ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ. ಎಷ್ಟು ತೊಳೆದರೂ ಘಾಟು ಹೋಗುವುದಿಲ್ಲ, ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ತೆಗೆಯುವಾಗ ಹಾಸಿಗೆ ಒದ್ದೆಯಾಗುತ್ತದೆ, ಹೆಂಗಸರಿಗಂತೂ ಸರಿಯಾಗಿ ಕೂರುವುದೇ ಇಲ್ಲ. ಪಾತ್ರೆ ಎಷ್ಟು ಲೀಟರ್ ಹಿಡಿಯುತ್ತದೆ ಎಂಬುದಕ್ಕೂ ಈ ದೂರುಗಳಿಗೂ ಸಂಬಂಧವಿಲ್ಲ.

ಹೊಸ ಪಾತ್ರೆ ರೂಪಿಸುವವರು ಸಾಮಾನ್ಯವಾಗಿ ಹಾಸಿಗೆಯ ಪಕ್ಕದಲ್ಲಿ ನಿಂತು ಯೋಚಿಸುತ್ತಾರೆ. ಒಮ್ಮೆ ಬಳಸಿ ಎಸೆಯುವ ಪಾತ್ರೆಗೆ ಅಷ್ಟು ಸಾಕು. ಮತ್ತೆ ಮತ್ತೆ ಬಳಸುವುದಾದರೆ ಬಚ್ಚಲಲ್ಲಿ ನಿಂತು ಯೋಚನೆ ಶುರು ಮಾಡಬೇಕು. ರೋಗಿಯ ಬಳಿ ಅದು ಇರುವುದು ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ತೊಳೆಯುವವರಿಗಾಗಿ ಕಾಯುತ್ತಿರುತ್ತದೆ, ಇಲ್ಲವೇ ಒಣಗುತ್ತಿರುತ್ತದೆ. ಬ್ಯಾಕ್ಟೀರಿಯಾ ಬೆಳೆಯುವುದೂ ಆ ಹೊತ್ತಿನಲ್ಲೇ.

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ ಎಂದರೆ, ಇದೆ. ಪಾತ್ರೆ ಸರಿಯಿಲ್ಲದ ಕಡೆ ಉಳಿಯುವ ದಾರಿ ಎರಡು, ಮೂತ್ರಕೋಶಕ್ಕೆ ಇಳಿಸುವ ಕೊಳವೆ ಅಂದರೆ ಕ್ಯಾಥೆಟರ್, ಮತ್ತು ಡಯಾಪರ್. ಕ್ಯಾಥೆಟರ್ ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವ ಸಂಭವ ಶೇ. 3ರಿಂದ 7ರಷ್ಟಿರುತ್ತದೆ. ಡಯಾಪರ್‌ನಲ್ಲಿ ಚರ್ಮ ಗಂಟೆಗಟ್ಟಲೆ ಒದ್ದೆಯಲ್ಲಿ ನೆನೆದು ಕೆಂಪಾಗಿ ಸುಲಿಯುತ್ತದೆ, ಅಂಥ ಚರ್ಮದ ಮೇಲೆ ಹಾಸಿಗೆ ಹುಣ್ಣು ಬೇಗ ಏಳುತ್ತದೆ. ಮೂತ್ರ ಬರುವುದು ಗೊತ್ತಾಗುವ, ಬಾಯಿಬಿಟ್ಟು ಹೇಳಬಲ್ಲ, ನಾಲ್ಕಾರು ನಿಮಿಷ ತಡೆಯಬಲ್ಲ ರೋಗಿಗೆ ಇವೆರಡೂ ಬೇಕಿಲ್ಲ. ಇನ್ನೊಂದು ಅಪಾಯ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಪಾತ್ರೆಯ ಸಹವಾಸವೇ ಬೇಡವೆಂದು ರೋಗಿ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾನೆ. ಮೂತ್ರ ಗಟ್ಟಿಯಾಗುತ್ತದೆ, ಉರಿ ಶುರುವಾಗುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಮೊದಲು ಲೆಕ್ಕ

ವಯಸ್ಕರ ದಿನದ ಮೂತ್ರ ಸುಮಾರು 800ರಿಂದ 2000 ಮಿ.ಲೀ. ಒಂದು ಸಲಕ್ಕೆ 250ರಿಂದ 400 ಮಿ.ಲೀ. ರಾತ್ರಿಯೆಲ್ಲ ತಡೆದುಕೊಂಡವರು ಬೆಳಗ್ಗೆ 500-600 ಮಿ.ಲೀ. ಮಾಡಬಹುದು. ಹಾಗಾಗಿ 1000 ಮಿ.ಲೀ. ಪಾತ್ರೆ ಸಾಕು. ಅದಕ್ಕಿಂತ ದೊಡ್ಡದಾದರೆ ತೊಡೆಗಳ ನಡುವೆ ಹಿಡಿಸುವುದಿಲ್ಲ. ತುಂಬಿದಾಗ ಒಂದು ಕಿಲೋಗಿಂತ ಹೆಚ್ಚು ತೂಗುವ ಅದನ್ನು ನಡುಗುವ ಕೈಯಲ್ಲಿ ಒಂಟಿಯಾಗಿ ಎತ್ತುವುದು ಕಷ್ಟ. ಮೇಲಾಗಿ ದೊಡ್ಡ ಪಾತ್ರೆಯನ್ನು ಎರಡು ಸಲಕ್ಕೊಮ್ಮೆ ಖಾಲಿ ಮಾಡಿದರಾಯಿತು ಎಂಬ ಅಭ್ಯಾಸ ಬೀಳುತ್ತದೆ. ಘಾಟಿಗೆ ಮೂಲ ಅದೇ.

ಹರಿವಿನ ವೇಗವನ್ನು ಬಹಳ ಮಂದಿ ಮರೆಯುತ್ತಾರೆ. ಆರೋಗ್ಯವಂತರಲ್ಲಿ ಧಾರೆಯ ಗರಿಷ್ಠ ವೇಗ ಸೆಕೆಂಡಿಗೆ 20-25 ಮಿ.ಲೀ. ಆಸುಪಾಸು, ಹೆಂಗಸರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ವೃದ್ಧರಲ್ಲಿ ಅದು 10ಕ್ಕೂ ಕೆಳಗಿಳಿದು ಕೊನೆಗೆ ತೊಟ್ಟು ತೊಟ್ಟಾಗಿ ಬರುತ್ತದೆ. ಒಂದೇ ಪಾತ್ರೆ ಎರಡಕ್ಕೂ ಹೊಂದಬೇಕು. ಜೋರಾದ ಧಾರೆ ಒಳಗೆ ಬರುವಾಗ ಅಷ್ಟೇ ಗಾಳಿ ಹೊರಗೆ ಹೋಗಬೇಕು, ಬಾಯಿ ಚರ್ಮಕ್ಕೆ ಪೂರ್ತಿ ಅಂಟಿಕೊಂಡರೆ ಅಂಚಿನಿಂದ ಚಿಮ್ಮುತ್ತದೆ. ತೊಟ್ಟಿಕ್ಕುವಾಗ ಸಮಸ್ಯೆ ತಿರುವುಮುರುವು. ಹನಿ ನೆಗೆಯದೆ ಚರ್ಮವನ್ನೇ ಹಿಡಿದು ಕೆಳಗೆ ಜಾರುತ್ತದೆ.

ಪಾತ್ರೆಯ ಮೇಲೆ ಅಳತೆಗೆರೆ ಇರಬೇಕೆನ್ನುವುದು ಶೋಕಿಗಲ್ಲ. ಗಂಟೆಗೆ ದೇಹತೂಕದ ಕಿಲೋಗೆ 0.5 ಮಿ.ಲೀ.ಗಿಂತ ಕಡಿಮೆ ಮೂತ್ರ ಬಂದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. 60 ಕಿಲೋ ತೂಕದವರಿಗೆ ಅದು ದಿನಕ್ಕೆ 720 ಮಿ.ಲೀ. ಹೀಗಾಗಿ 50 ಮಿ.ಲೀ.ಗೊಂದು ಉಬ್ಬುಗೆರೆ ಸಾಕು. ಗೆರೆ ಹೊರಮೈಯಲ್ಲಿರಲಿ, ಒಳಮೈಯಲ್ಲಿ ಅದರ ಗುರುತೂ ಇರಬಾರದು. ಪಾತ್ರೆ ನೇರ ನಿಂತಾಗ ಓದುವ ಗೆರೆ ಅದು, ಮಲಗಿಸಿದಾಗ ಓದಿದರೆ ಲೆಕ್ಕ ತಪ್ಪುತ್ತದೆ. ಬಣ್ಣ ಹಾಕದ ಅರೆಪಾರದರ್ಶಕ ವಸ್ತುವಾದರೆ ರಕ್ತದ ಕೆಂಪು, ಗಾಢ ಹಳದಿ, ಕದಡಿದ ಮೂತ್ರ ಹೊರಗಿನಿಂದಲೇ ಕಾಣುತ್ತವೆ.

ಘಾಟು ಎಲ್ಲಿಂದ ಬರುತ್ತದೆ

ಆಗತಾನೆ ಬಂದ ಮೂತ್ರಕ್ಕೆ ಅಂಥ ನಾತವಿಲ್ಲ. ಅದರಲ್ಲಿರುವ ಯೂರಿಯಾವನ್ನು ಕೆಲವು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದು ಅಮೋನಿಯಾ ಮಾಡುತ್ತವೆ. ಮೂಗಿಗೆ ಬಡಿಯುವುದು ಈ ಅಮೋನಿಯಾ. ಜೊತೆಗೇ ಇನ್ನೊಂದು ನಡೆಯುತ್ತದೆ. ಅಮೋನಿಯಾದಿಂದ ಮೂತ್ರ ಕ್ಷಾರವಾಗುತ್ತದೆ. ಕ್ಷಾರದಲ್ಲಿ ಕರಗದ ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟ್, ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಗೋಡೆಗೆ ಕೂರುತ್ತವೆ. ಆ ಬಿಳಿ ಪೊರೆ ಇದೇ. ಪೊರೆ ಒರಟು, ಅದರ ಸಂದುಗಳಲ್ಲಿ ಬ್ಯಾಕ್ಟೀರಿಯಾ ತನ್ನದೇ ಅಂಟಿನ ಜೈವಿಕ ಪೊರೆ ಕಟ್ಟಿಕೊಂಡು ಕೂರುತ್ತದೆ. ಮುಂದಿನ ಸಲ ಹೊಸ ಮೂತ್ರ ಬಿದ್ದೊಡನೆ ಅದೇ ಕೆಲಸ ಮತ್ತೆ, ಈ ಸಲ ಇನ್ನೂ ಬೇಗ. ಎರಡನೇ ತಿಂಗಳಿನ ಪಾತ್ರೆ ಮೊದಲ ವಾರದ್ದಕ್ಕಿಂತ ಬೇಗ ನಾರುವುದು ಇದಕ್ಕೇ.

ಪೊರೆ ಸೋಪಿಗೆ ಬಗ್ಗುವುದಿಲ್ಲ. ಬ್ಲೀಚ್‌ಗೂ ಇಲ್ಲ, ಬ್ಲೀಚ್ ಅದನ್ನು ಬೆಳ್ಳಗೆ ಮಾಡಿ ಕಣ್ಣಿಗೆ ಮರೆಮಾಡುತ್ತದೆ ಅಷ್ಟೆ. ಅದನ್ನು ಕರಗಿಸುವುದು ಆಮ್ಲ ಮಾತ್ರ. ಪಾತ್ರೆಯನ್ನು ಯಾವ ವಸ್ತುವಿನಿಂದ ಮಾಡುವುದು ಎಂಬ ನಿರ್ಧಾರವೂ ಇಲ್ಲಿಂದಲೇ ಹೊರಡಬೇಕು. ಆಮ್ಲ, ಕ್ಷಾರ, ಬ್ಲೀಚ್, ಬಿಸಿ ನಾಲ್ಕನ್ನೂ ನೂರಾರು ಸಲ ತಾಳಬೇಕು.

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು ಇಲ್ಲಿ ಒಳ್ಳೆಯ ಆಯ್ಕೆ. ಕರಗುವುದು 160 ಡಿಗ್ರಿ ಸೆಲ್ಸಿಯಸ್ ಮೇಲೆ, ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ 121 ಡಿಗ್ರಿಯ ಆಟೋಕ್ಲೇವನ್ನೂ ತಾಳುತ್ತದೆ. ಎಚ್‌ಡಿಪಿಇ ಎಂಬ ಪಾಲಿಥೀನ್ ಅಗ್ಗ, ಗಟ್ಟಿ, ಬಿದ್ದರೆ ಒಡೆಯದು. ಆದರೆ 130 ಡಿಗ್ರಿ ಹೊತ್ತಿಗೆ ಕರಗುವುದರಿಂದ ಆಟೋಕ್ಲೇವ್‌ನಲ್ಲಿ ಸೊಟ್ಟಗಾಗುತ್ತದೆ. ಮನೆಯಲ್ಲಿ ರಾಸಾಯನಿಕದಿಂದಲೇ ಸೋಂಕು ನಿವಾರಿಸುವುದಾದರೆ ಅದೂ ನಡೆಯುತ್ತದೆ. ಪಾಲಿಕಾರ್ಬೊನೇಟ್ ಗಾಜಿನಂತೆ ಸ್ವಚ್ಛವಾಗಿ ಕಂಡರೂ ಬಿಸಿ ಮತ್ತು ಕ್ಷಾರದ ಸೋಪು ಸೇರಿದಾಗ ಕಾಲಕ್ರಮದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಶುಚಿತ್ವದಲ್ಲಿ ಎಲ್ಲಕ್ಕಿಂತ ಮೇಲು, ಕುದಿಸಬಹುದು. ಆದರೆ ಮೈಗೆ ತಣ್ಣಗೆ ತಾಗುತ್ತದೆ, ಒಳಗಿನದು ಕಾಣದು, ಬ್ಲೀಚ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಚುಕ್ಕಿ ಚುಕ್ಕಿಯಾಗಿ ತುಕ್ಕು ತಿನ್ನುತ್ತದೆ. ತಂಪುಪಾನೀಯದ ಬಾಟಲಿ ಕತ್ತರಿಸಿ ಮಾಡಿಕೊಳ್ಳುವವರಿದ್ದಾರೆ. ತುರ್ತಿಗೆ ಒಂದೆರಡು ದಿನ ಸರಿ, ಆದರೆ ಆ ಪ್ಲಾಸ್ಟಿಕ್ಕು 70-75 ಡಿಗ್ರಿಗೇ ಮುದುಡಿಕೊಳ್ಳುತ್ತದೆ, ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ.

ಒಳಮೈ ಹೇಗಿರಬೇಕು ಎಂಬುದಕ್ಕೆ ಒಂದೇ ನಿಯಮ ಸಾಕು. ಬಾಯಿಯಿಂದ ಟಾರ್ಚ್ ಬಿಟ್ಟಾಗ ಕಾಣದ ಜಾಗ ಬ್ರಶ್ಶಿಗೂ ಸಿಗುವುದಿಲ್ಲ. ಅಂಥ ಜಾಗ ಇರಲೇಬಾರದು. ಮೂಲೆಗಳೆಲ್ಲ ಕನಿಷ್ಠ 6 ಮಿ.ಮೀ. ತ್ರಿಜ್ಯದಲ್ಲಿ ಗುಂಡಾಗಿರಲಿ, 10 ಇದ್ದರೆ ಇನ್ನೂ ಒಳ್ಳೆಯದು. ಬಿಸಿ ಪ್ಲಾಸ್ಟಿಕ್ಕಿಗೆ ಗಾಳಿ ಊದಿ ಮಾಡುವ ಅಚ್ಚಿನಲ್ಲಿ ಈ ಗುಂಡುತನ ತಾನಾಗಿಯೇ ಬರುತ್ತದೆ. ಅದರ ಜೊತೆಗೆ ಒಂದು ಕೆಡುಕೂ ಬರುತ್ತದೆ: ಟೊಳ್ಳು ಹಿಡಿ. ಹಿಡಿಯ ಒಳಗಿನ ಪೊಳ್ಳು ಹೊಟ್ಟೆಗೆ ಕೂಡಿಕೊಂಡಿದ್ದರೆ ಮೂತ್ರ ಅದರೊಳಗೂ ಏರುತ್ತದೆ, ಯಾವ ಬ್ರಶ್ಶೂ ಅಲ್ಲಿಗೆ ಹೋಗದು. ಅಚ್ಚಿನಲ್ಲೇ ಹಿಡಿಯ ಎರಡೂ ಬುಡವನ್ನು ಚಿವುಟಿ ಮುಚ್ಚಬೇಕು, ಇಲ್ಲವೇ ಗಟ್ಟಿ ಹಿಡಿಯನ್ನು ಬೇರೆಯಾಗಿ ಕೂರಿಸಬೇಕು. ಹಿಡಿ 25-35 ಮಿ.ಮೀ. ದಪ್ಪವಿರಲಿ, ಗೋಡೆಗೂ ಅದಕ್ಕೂ ಬೆರಳುಗಂಟು ತಾಗದಷ್ಟು ಅಂತರವಿರಲಿ. ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ ನಾಲ್ಕೂ ಬೆರಳು ತೂರಿಸಿ ನೇತುಹಾಕಿಕೊಳ್ಳುವಂಥ ತೆರೆದ ಹಿಡಿ ಬೇಕು.

ಮುಚ್ಚಳಕ್ಕೆ ತಿರುಪು ಬೇಡ, ತಿರುಪಿನ ಒಂದೊಂದು ಸಾಲೂ ಕೊಳೆಯ ಕಾಲುವೆ. ಒತ್ತಿದರೆ ಕೂರುವ ಮೆತ್ತನೆಯ ಮುಚ್ಚಳ ಸಾಕು. ಅದರ ಕೆಲಸ ಬಚ್ಚಲಿಗೆ ಒಯ್ಯುವಾಗ ಚೆಲ್ಲದಂತೆ ನೋಡಿಕೊಳ್ಳುವುದು, ಅಷ್ಟೇ.

ಒಣಗಿಸುವ ಭಂಗಿಯನ್ನೂ ಪಾತ್ರೆಯ ಜೊತೆಗೇ ಯೋಚಿಸಬೇಕು. ಓರೆ ಕುತ್ತಿಗೆಯ ಬಾಟಲಿಯನ್ನು ಬೋರಲು ಹಾಕಿದರೆ ಹೆಗಲಿನ ಗುಳಿಯಲ್ಲಿ ನೀರು ನಿಂತುಬಿಡುತ್ತದೆ. ಅದನ್ನು ಹಿಡಿಯುವ ಸ್ಟ್ಯಾಂಡ್ ಎಷ್ಟು ಓರೆ ಇರಬೇಕು, ಆ ಓರೆಯಲ್ಲಿ ಹೆಗಲು ಬಾಯಿಯ ಕಡೆಗೆ ಕನಿಷ್ಠ 15 ಡಿಗ್ರಿ ಇಳಿಜಾರಾಗಿ ಬರುತ್ತದೆಯೇ ಎಂದು ಚಿತ್ರ ಬರೆಯುವಾಗಲೇ ನೋಡಿಕೊಳ್ಳಿ. ಪರೀಕ್ಷೆ ಸುಲಭ. ಒಣ ಪಾತ್ರೆ ತೂಗಿ, ನೀರು ತುಂಬಿ ಸುರಿದು, ಐದು ನಿಮಿಷ ಬೋರಲು ಹಾಕಿ ಮತ್ತೆ ತೂಗಿ. 3 ಗ್ರಾಂಗಿಂತ ಹೆಚ್ಚು ನೀರು ಉಳಿದಿದ್ದರೆ ಆಕಾರವನ್ನೇ ತಿದ್ದಬೇಕು.

ಗಂಡಸರ ಬಾಟಲಿ

ಇದು ಬಹುಮಟ್ಟಿಗೆ ಬಗೆಹರಿದ ಸಮಸ್ಯೆ. 45-60 ಮಿ.ಮೀ. ಬಾಯಿ, ಮೇಲಕ್ಕೆ ಓರೆಯಾದ ಕುತ್ತಿಗೆ, ನಿಲ್ಲಿಸಲು ಒಂದು ತಳ, ಮಲಗಿಸಲು ಇನ್ನೊಂದು ಚಪ್ಪಟೆ ಮೈ. ಎಡವುವುದು ಒಂದೇ ಕಡೆ, ಮಲಗಿಸಿದಾಗಿನ ಹಿಡಿತದಲ್ಲಿ. ಮೈಭಾರಕ್ಕೆ ಹಾಸಿಗೆ ಕುಸಿದಿರುತ್ತದೆ, ಹಾಗಾಗಿ ತೊಡೆಗಳ ನಡುವೆ ಇಟ್ಟ ಬಾಟಲಿ ರೋಗಿಯ ಕಡೆಗೇ ವಾಲುತ್ತದೆ. ತಳ 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲವಿದೆ ಎನ್ನಿ. 500 ಮಿ.ಲೀ. ಮೂತ್ರ ಅದರಲ್ಲಿ 2.5 ಸೆಂ.ಮೀ. ಆಳ ನಿಲ್ಲುತ್ತದೆ. 10 ಡಿಗ್ರಿ ವಾಲಿದರೆ ಬಾಯಿಯ ಕಡೆ ಮಟ್ಟ ಇನ್ನೂ 1.8 ಸೆಂ.ಮೀ. ಏರಿ 4.3 ಆಗುತ್ತದೆ. 700 ಮಿ.ಲೀ. ಆದರೆ 5.3. ಅಂದರೆ ಬಾಯಿಯ ಕೆಳತುಟಿ ಒಳತಳದಿಂದ 6 ಸೆಂ.ಮೀ. ಎತ್ತರದಲ್ಲಿದ್ದರೆ ನೆಮ್ಮದಿ. ಸಮತಟ್ಟು ಮೇಜಿನ ಮೇಲಿಟ್ಟು ‘ಚೆಲ್ಲುವುದಿಲ್ಲ’ ಎಂದು ತೋರಿಸುವ ಪರೀಕ್ಷೆಗೆ ಬೆಲೆಯಿಲ್ಲ. ಮೆತ್ತನೆ ಹಾಸಿಗೆಯ ಮೇಲೆ, ಪಕ್ಕದಲ್ಲಿ ತೂಕ ಇಟ್ಟು ನೋಡಬೇಕು.

ಹೆಂಗಸರ ಪಾತ್ರೆ

ನಿಜವಾದ ವಿನ್ಯಾಸದ ಸವಾಲು ಇಲ್ಲಿದೆ. ಅಂಗಾತ ಮಲಗಿದ ಹೆಂಗಸಿಗೆ ಮೂತ್ರದ್ವಾರ ಹಾಸಿಗೆಯ ಮಟ್ಟದಿಂದ ಕೆಲವೇ ಸೆಂಟಿಮೀಟರ್ ಮೇಲಿರುತ್ತದೆ. ಪಾತ್ರೆಯ ಹಿಂತುಟಿ 2-3 ಸೆಂ.ಮೀ.ಗಿಂತ ಎತ್ತರವಿದ್ದರೆ ತಾಗಬೇಕಾದ ಕಡೆ ತಾಗುವುದೇ ಇಲ್ಲ. ಮೇಲಿನ ಲೆಕ್ಕವನ್ನೇ ಹಾಕಿ: 2.5 ಸೆಂ.ಮೀ. ತುಟಿಯ ಪಾತ್ರೆ 10 ಡಿಗ್ರಿ ವಾಲಿದರೆ ಚೆಲ್ಲದೆ ನಿಲ್ಲುವುದು ಸುಮಾರು 175 ಮಿ.ಲೀ. ಮಾತ್ರ, ಒಂದು ಸಲದ ಮೂತ್ರಕ್ಕೆ ಅದು ಸಾಲದು. ಗಂಡಸರ ಬಾಟಲಿಗೆ ಅಗಲ ಬಾಯಿ ಇಟ್ಟು ‘ಮಹಿಳೆಯರಿಗೆ’ ಎಂದು ಚೀಟಿ ಅಂಟಿಸಿದರೆ ಕೆಲಸ ಆಗದಿರುವುದು ಇದಕ್ಕೇ.

ಹೊರಬರುವ ದಾರಿಗಳಿವೆ, ಪ್ರತಿಯೊಂದಕ್ಕೂ ತನ್ನದೇ ಬೆಲೆ ಇದೆ. ಸೊಂಟದ ಕೆಳಗೆ 8-10 ಸೆಂ.ಮೀ. ಎತ್ತರದ ಓರೆ ದಿಂಬಿಟ್ಟು, ತಲೆಕಡೆಯನ್ನು 30-45 ಡಿಗ್ರಿ ಎತ್ತಿ, ಮಂಡಿ ಮಡಚಿಸುವುದು ಎಲ್ಲಕ್ಕಿಂತ ಸರಳ. ಗುರುತ್ವವೇ ಕೆಲಸ ಮಾಡುತ್ತದೆ, ಪಾತ್ರೆಯಲ್ಲಿ ಕೆಡುವ ಭಾಗವಿರುವುದಿಲ್ಲ. ಆದರೆ ಸೊಂಟದ ಮೂಳೆ ಮುರಿದವರನ್ನು, ಬೆನ್ನಿನ ಶಸ್ತ್ರಚಿಕಿತ್ಸೆ ಆದವರನ್ನು ಹಾಗೆ ಎತ್ತುವಂತಿಲ್ಲ. ಅವರಿಗೆ ಬಾಯಲ್ಲಿ ಒಮ್ಮುಖ ಕವಾಟವಿರುವ ಪಾತ್ರೆ ಬೇಕು, ಇಲ್ಲವೇ ಬಟ್ಟಲು, ಕೊಳವೆ, ಮಂಚದ ಕೆಳಗೆ ತೂಗುವ ಚೀಲ ಎಂಬ ಮೂರು ಭಾಗದ ಏರ್ಪಾಡು ಬೇಕು.

ಯಾವುದೇ ಬಗೆಯಾದರೂ ಬಾಯಿಯ ಆಕಾರದಲ್ಲಿ ಒಂದು ವಿಷಯ ಬದಲಾಗದು. ಧಾರೆಯ ಮೊದಲ ಮತ್ತು ಕೊನೆಯ ಕ್ಷಣಗಳಲ್ಲಿ ವೇಗ ಕಡಿಮೆ. ಆಗ ಮೂತ್ರ ಚರ್ಮಕ್ಕೆ ಅಂಟಿ ಹಿಂದಕ್ಕೆ, ಪೃಷ್ಠದ ಕಡೆಗೆ ಹರಿಯುತ್ತದೆ. ಹಾಳೆ ಒದ್ದೆಯಾಗುವುದು ನಡುವಿನ 300 ಮಿ.ಲೀ.ಯಿಂದಲ್ಲ, ಈ ಕೊನೆಯ 5-10 ಮಿ.ಲೀ.ಯಿಂದ. ಆದ್ದರಿಂದ ಹಿಂತುಟಿ ಮೆತ್ತಗಿದ್ದು ಚರ್ಮಕ್ಕೆ ಪೂರ್ತಿ ಕೂರಬೇಕು, ಮುಂತುಟಿ ಹೊಟ್ಟೆಯ ಕಡೆಗೆ ತೆರೆದಿರಬೇಕು. ಗಾಳಿ ಮುಂದಿನಿಂದ ಹೊರಹೋಗುತ್ತದೆ, ಹನಿ ಹಿಂದೆ ಸಿಕ್ಕಿಬೀಳುತ್ತದೆ. ಸುತ್ತಲೂ ಸಮನಾಗಿ ಅಂಟುವ ಬಟ್ಟಲು ನೋಡಲು ಚೆಂದ, ಆದರೆ ಹರಿವು ಜೋರಾದಾಗ ಒಳಗಿನ ಗಾಳಿಗೆ ದಾರಿಯಿಲ್ಲದೆ ಪಕ್ಕದಿಂದ ಕಕ್ಕುತ್ತದೆ. ಅಳತೆಯ ವಿಚಾರದಲ್ಲಿ ಸುಮಾರು 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಬಾಯಿಯಿಂದ ಮಾದರಿ ಶುರು ಮಾಡಬಹುದು. ತೆಗೆಯುವಾಗ ಪಾತ್ರೆಯನ್ನು ಮೊದಲು ಕೆಳಕ್ಕೆ ಒತ್ತಿ, ಆಮೇಲೆ ಮುಂದಕ್ಕೆ ಎಳೆಯಬೇಕು. ನೇರ ಎಳೆದರೆ ಹಿಂತುಟಿಯ ಮೇಲೆ ನಿಂತ ಹನಿಗಳು ಹಾಸಿಗೆಗೇ. ಆ ತುಟಿಗೆ ಒಳಮುಖವಾಗಿ 5 ಮಿ.ಮೀ. ಇಳಿಜಾರು ಕೊಟ್ಟರೆ ಹನಿ ತಾನಾಗಿ ಒಳಗೆ ಜಾರುತ್ತದೆ.

ಕವಾಟ, ಕೊಳವೆ

ಕವಾಟ ಎಂದೊಡನೆ ತೆಳು ಸಿಲಿಕೋನಿನ ಬಾತುಕೊಕ್ಕಿನ ಕವಾಟ ನೆನಪಾಗುತ್ತದೆ. ಅದರ ಎರಡು ತುಟಿಗಳು ಒಳಹರಿವಿಗೆ ತೆರೆದು ಹಿಮ್ಮುಖ ಹರಿವಿಗೆ ಮುಚ್ಚಿಕೊಳ್ಳುತ್ತವೆ. ಇಲ್ಲಿ ಅದನ್ನು ತೆರೆಯಲು ಸಿಗುವ ನೀರಿನ ಎತ್ತರ ಎರಡು ಸೆಂಟಿಮೀಟರ್, ಅಂದರೆ 200 ಪ್ಯಾಸ್ಕಲ್ ಒತ್ತಡ. ಅದು 1 ಸೆಂ.ಮೀ. ನೀರಿಗೇ ತೆರೆದುಕೊಳ್ಳದಿದ್ದರೆ ಬಟ್ಟಲು ಮೊದಲು ತುಂಬಿ ಹೊರಚೆಲ್ಲುತ್ತದೆ. ಹಾಗಾಗಿ ತುಟಿ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರಬೇಕು. ಅಷ್ಟು ತೆಳು ತುಟಿಯ ಮೇಲೆ ಫಾಸ್ಫೇಟ್ ಪೊರೆ ಚೂರೇ ಕಟ್ಟಿದರೂ ಮುಚ್ಚಿಕೊಳ್ಳುವುದಿಲ್ಲ. ಕವಾಟ ಕೆಡುವುದು ಹರಿದಲ್ಲ, ಪೊರೆ ಕಟ್ಟಿ. ಆದ್ದರಿಂದ ಅದು ಒಂದೇ ಎಳೆತಕ್ಕೆ ಕೈಗೆ ಬರಬೇಕು, ಉಪಕರಣ ಬೇಡದೆ ಮತ್ತೆ ಕೂರಬೇಕು, ತಿರುಗುಮುರುಗಾಗಿ ಕೂರಲು ಸಾಧ್ಯವೇ ಇರಬಾರದು. ಕವಾಟ ಗಾಳಿಯನ್ನೂ ತಡೆಯುವುದರಿಂದ ಪಾತ್ರೆಯ ಮೇಲುಭಾಗದಲ್ಲಿ ಬೇರೆ ಗಾಳಿರಂಧ್ರ ಬೇಕು. ಅದು 8 ಮಿ.ಮೀ. ಇರಲಿ. 3 ಮಿ.ಮೀ. ರಂಧ್ರದಲ್ಲಿ ಒಂದು ಹನಿ ನಿಂತರೂ ಗಾಳಿಯ ದಾರಿ ಬಂದ್.

ಕವಾಟಕ್ಕೆ ಬದಲು ಇನ್ನೊಂದು ಉಪಾಯವಿದೆ. ಬಾಯಿಯ ಕೊಳವೆಯನ್ನೇ ಪಾತ್ರೆಯ ಒಳಕ್ಕೆ 4-5 ಸೆಂ.ಮೀ. ಇಳಿಬಿಡುವುದು. ಪಾತ್ರೆ ಉರುಳಿದಾಗ ಮೂತ್ರ ಆ ಕೊಳವೆಯ ಸುತ್ತ ನಿಲ್ಲುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಚಲಿಸುವ ಭಾಗವೇ ಇಲ್ಲ. ಆದರೆ ಕೊಳವೆಯ ಹೊರಮೈ ಟಾರ್ಚ್ ನಿಯಮದಲ್ಲಿ ಸೋಲುತ್ತದೆ. ಇದನ್ನು ಕಳಚುವ ತುಂಡಾಗಿ ಮಾಡಿದರೆ ಮಾತ್ರ ಒಪ್ಪಬಹುದು.

ಕೊಳವೆಯ ಏರ್ಪಾಡಿನಲ್ಲಿ ಒಳವ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ. ಸೆಕೆಂಡಿಗೆ 25 ಮಿ.ಲೀ. ಹರಿಯಬೇಕಾದರೆ 6 ಮಿ.ಮೀ. ಕೊಳವೆ ಪ್ರತಿ ಮೀಟರಿಗೆ ಸುಮಾರು 25 ಸೆಂ.ಮೀ. ನೀರಿನ ಎತ್ತರವನ್ನು ನುಂಗುತ್ತದೆ. 10 ಮಿ.ಮೀ. ಕೊಳವೆ ನುಂಗುವುದು 2-3 ಸೆಂ.ಮೀ. ಮಾತ್ರ. ಔಷಧ ಅಂಗಡಿಯ ಸಣ್ಣ ಕೊಳವೆ ಸಿಕ್ಕಿತೆಂದು ಜೋಡಿಸಿದರೆ ಬಟ್ಟಲು ಉಕ್ಕುವುದು ಖಂಡಿತ. 10-12 ಮಿ.ಮೀ. ಇರಲಿ, ಉದ್ದ ಒಂದೂವರೆ ಮೀಟರಿಗೆ ಮೀರದಿರಲಿ. ಎಲ್ಲೂ ಜೋತುಬಿದ್ದು ಬಳುಕಬಾರದು. ತಗ್ಗಿನಲ್ಲಿ ನಿಂತ ಹಳೆ ಮೂತ್ರ ಗಾಳಿಯನ್ನು ತಡೆದು ಹೊಸ ಹರಿವನ್ನು ಹಿಂದಕ್ಕೆ ತಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ ಒಂದೂವರೆ ಮೀಟರ್ ಕೊಳವೆಯ ಒಳಗನ್ನು ಉಜ್ಜಿ ತೊಳೆಯುವವರಿಲ್ಲ. ಬಟ್ಟಲು ಮರುಬಳಕೆಗೆ, ಕೊಳವೆ ಆಗಾಗ ಬದಲಿಸುವುದಕ್ಕೆ ಎಂದು ಮೊದಲೇ ಒಪ್ಪಿಕೊಂಡು ಬೆಲೆ ಲೆಕ್ಕ ಹಾಕುವುದು ಪ್ರಾಮಾಣಿಕತೆ.

ಮೂತ್ರವನ್ನು ಗಟ್ಟಿಯಾಗಿಸುವ ಪುಡಿಯ ಪೊಟ್ಟಣಗಳೂ ಸಿಗುತ್ತವೆ. ಒಳಗಿರುವುದು ಡಯಾಪರ್‌ನಲ್ಲಿರುವ ಸೋಡಿಯಂ ಪಾಲಿಆಕ್ರಿಲೇಟ್. ಶುದ್ಧ ನೀರನ್ನು ತೂಕದ ನೂರಾರು ಪಟ್ಟು ಹೀರುವ ಅದು ಉಪ್ಪಿರುವ ಮೂತ್ರದಲ್ಲಿ 30-50 ಪಟ್ಟು ಮಾತ್ರ ಹೀರುತ್ತದೆ, ಅಂದರೆ 400 ಮಿ.ಲೀ.ಗೆ ಸುಮಾರು 10 ಗ್ರಾಂ ಬೇಕು. ಪ್ರಯಾಣಕ್ಕೆ ಸರಿ. ಮರುಬಳಕೆಯ ಪಾತ್ರೆಗೆ ಹಾಕಿದರೆ ಜಾರುವ ಲೋಳೆ ಗೋಡೆಗೆ ಅಂಟುತ್ತದೆ, ಬಚ್ಚಲ ಕೊಳವೆಯನ್ನೂ ಕಟ್ಟಿಸುತ್ತದೆ.

ತುಟಿಯ ಅಗಲ

ಪಾತ್ರೆಯನ್ನು ಮೈಗೆ ಒತ್ತುವ ಬಲ ಅರ್ಧ ಕಿಲೋ ತೂಕದಷ್ಟು, ಅಂದರೆ 5 ನ್ಯೂಟನ್ ಎಂದಿಟ್ಟುಕೊಳ್ಳಿ. 10 ಸೆಂ.ಮೀ. ಉದ್ದದ ಅಂಚು 2 ಮಿ.ಮೀ. ದಪ್ಪವಿದ್ದರೆ ಚರ್ಮದ ಮೇಲೆ ಬೀಳುವ ಒತ್ತಡ 25 ಕಿಲೋಪ್ಯಾಸ್ಕಲ್, ರಕ್ತದೊತ್ತಡದ ಅಳತೆಯಲ್ಲಿ 188 ಮಿ.ಮೀ. ಪಾದರಸ. ಅಂಚನ್ನು 12 ಮಿ.ಮೀ. ಅಗಲ ಮಾಡಿದರೆ ಅದೇ ಬಲಕ್ಕೆ 31. ಯೂಜೀನ್ ಲ್ಯಾಂಡಿಸ್ 1930ರಲ್ಲಿ ಬೆರಳಿನ ಉಗುರುಬುಡದ ಲೋಮನಾಳಗಳಲ್ಲಿ ಅಳೆದ ಒತ್ತಡ ಸುಮಾರು 32. ಅದಕ್ಕಿಂತ ಹೆಚ್ಚು ಒತ್ತಿದರೆ ತಕ್ಷಣ ಹುಣ್ಣಾಗುತ್ತದೆ ಎಂದೇನಲ್ಲ, ಆದರೆ ದಿಕ್ಕು ತೋರಿಸಲು ಆ ಸಂಖ್ಯೆ ಸಾಕು. ಎರಡು ನಿಮಿಷದ ಬಳಕೆಯಲ್ಲಿ ಚೂಪು ಅಂಚೂ ನಡೆದುಹೋಗುತ್ತದೆ. ಅಪಾಯವಿರುವುದು ಪಾತ್ರೆಯನ್ನು ಅಲ್ಲೇ ಬಿಟ್ಟು ಮರೆತಾಗ. ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿ ಪೆಟ್ಟಾದವರಿಗೆ ಆ ಭಾಗದಲ್ಲಿ ಸ್ಪರ್ಶವೇ ಇರದೆ ನೋವೆಂದು ಹೇಳುವುದೂ ಆಗುವುದಿಲ್ಲ. ಮೆತ್ತನೆಯ ಸಿಲಿಕೋನ್ ತುಟಿ, ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ 20-40ರದ್ದು, ಇದಕ್ಕೆ ಸರಿ. ಸಿಲಿಕೋನಿಗೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಆ ಸಂದಿಯಲ್ಲಿ ಕೊಳೆ ಸೇರುತ್ತದೆ. ಅಂಟಿಸುವ ಬದಲು ಅಂಚಿಗೆ ಹೊದಿಸುವ ಪಟ್ಟಿಯಾಗಿ ಮಾಡಿ, ಬಿಚ್ಚಿ ಕುದಿಸುವಂತಿರಲಿ.

ತೊಳೆಯುವ ಕ್ರಮ

ವೈದ್ಯಕೀಯ ಸಲಕರಣೆಗಳನ್ನು ಸೋಂಕಿನ ಅಪಾಯಕ್ಕೆ ತಕ್ಕಂತೆ ವಿಂಗಡಿಸುವ ಸ್ಪಾಲ್ಡಿಂಗ್ ವರ್ಗೀಕರಣದಲ್ಲಿ ಮೂತ್ರಪಾತ್ರೆ ಕೊನೆಯ ವರ್ಗಕ್ಕೆ ಸೇರುತ್ತದೆ. ಗಾಯವಿಲ್ಲದ ಚರ್ಮಕ್ಕೆ ಮಾತ್ರ ತಾಗುವುದರಿಂದ ಚೆನ್ನಾಗಿ ತೊಳೆದು ಸಾಧಾರಣ ಮಟ್ಟದಲ್ಲಿ ಸೋಂಕು ನಿವಾರಿಸಿದರೆ ಸಾಕು, ಪೂರ್ಣ ಕ್ರಿಮಿಶುದ್ಧಿ ಬೇಕಿಲ್ಲ. ಈ ಮಾತು ಒಬ್ಬ ರೋಗಿಗೆ ಒಂದೇ ಪಾತ್ರೆ ಮೀಸಲಾಗಿರುವಾಗ ನೆಮ್ಮದಿ ಕೊಡುತ್ತದೆ. ಆಸ್ಪತ್ರೆಯಲ್ಲಿ ಪಾತ್ರೆ ಕೈ ಬದಲಾಗುವುದಾದರೆ ತೊಳೆಯುವ ಯಂತ್ರದ ಬಿಸಿಯೇ ನಂಬಲರ್ಹ. ಬೆಡ್‌ಪ್ಯಾನ್ ತೊಳೆಯುವ ಯಂತ್ರಗಳಲ್ಲಿ ಪಾತ್ರೆಯ ಮೈ ಕನಿಷ್ಠ 80 ಡಿಗ್ರಿಯಲ್ಲಿ 1 ನಿಮಿಷ ನಿಲ್ಲಬೇಕು. 90 ಡಿಗ್ರಿಯಾದರೆ 6 ಸೆಕೆಂಡ್ ಸಾಕು, 10 ಡಿಗ್ರಿ ಏರಿದರೆ ಸಮಯ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ನಿಮ್ಮ ಪಾತ್ರೆ ಆ ಯಂತ್ರದ ಹಿಡಿಕೆಯಲ್ಲಿ ಕೂರುತ್ತದೆಯೇ, ನೀರಿನ ಚಿಲುಮೆ ಬಾಯೊಳಗೆ ನೇರ ಹೋಗುತ್ತದೆಯೇ ಎಂದು ನೋಡದೆ ಅಚ್ಚು ಮಾಡಿಸಬೇಡಿ.

ಮನೆಯಲ್ಲಿ ಕ್ರಮ ಹೀಗಿರಲಿ. ಕೈಗವಸು ಹಾಕಿಕೊಂಡು ಮೂತ್ರವನ್ನು ಶೌಚಕ್ಕೆ ಸುರಿದ ಕೂಡಲೇ ತಣ್ಣೀರಿನಲ್ಲಿ ಕುಲುಕಿ ಚೆಲ್ಲಿ. ಮೊದಲೇ ಬಿಸಿನೀರು ಹಾಕಿದರೆ ಮೂತ್ರದಲ್ಲಿರಬಹುದಾದ ಪ್ರೋಟೀನು ಬೆಂದು ಗೋಡೆಗೆ ಅಂಟುತ್ತದೆ. ಆಮೇಲೆ ಬೆಚ್ಚನೆಯ ಸೋಪುನೀರು, ಅದಕ್ಕೇ ಮೀಸಲಾದ ಬ್ರಶ್ಶು. ತಂತಿ ಬ್ರಶ್ಶು, ಉಜ್ಜುವ ಪುಡಿ ಬೇಡ, ಗೀರುಗಳು ಬ್ಯಾಕ್ಟೀರಿಯಾಕ್ಕೆ ಮನೆ. ಸೋಪು ಹೋಗುವಷ್ಟು ತೊಳೆದು ಬೋರಲು ಹಾಕಿ ಪೂರ್ತಿ ಒಣಗಿಸಿ. ಎರಡು ಪಾತ್ರೆ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಇದಕ್ಕೇ, ಒಣಗಲು ಸಮಯ ಸಿಗಬೇಕು. ಒದ್ದೆ ಪಾತ್ರೆಯಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ, ಒಣಗಿದ್ದರಲ್ಲಿ ಅದಕ್ಕೆ ಕಷ್ಟ.

ದಿನಕ್ಕೊಮ್ಮೆ ಬ್ಲೀಚ್. ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 20 ಮಿ.ಲೀ. ತೆಗೆದುಕೊಂಡು ನೀರು ಬೆರೆಸಿ ಒಂದು ಲೀಟರ್ ಮಾಡಿದರೆ ಶೇ. 0.1 ಆಗುತ್ತದೆ. ಶೇ. 4ರದ್ದಾದರೆ 25 ಮಿ.ಲೀ. ಬೇಕು. 10 ನಿಮಿಷ ನೆನೆಸಿ ತೊಳೆಯಿರಿ. ದ್ರಾವಣ ದಿನಾ ಹೊಸದಾಗಿ ಮಾಡಿ, ನಿನ್ನೆಯದಕ್ಕೆ ಕಸುವಿಲ್ಲ. ಮೂತ್ರವಿರುವ ಪಾತ್ರೆಗೆ ಬ್ಲೀಚ್ ಸುರಿಯುವ ಅಭ್ಯಾಸ ಮಾತ್ರ ಯಾರಿಗೂ ಬೇಡ. ಅಮೋನಿಯಾದೊಡನೆ ಸೇರಿ ಕ್ಲೋರಮೈನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಎದೆ ಹಿಡಿಯುತ್ತದೆ.

ವಾರಕ್ಕೊಮ್ಮೆ ಆಮ್ಲ. ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅರ್ಧ ಗಂಟೆ, ಹಳೆ ಪೊರೆಯಾದರೆ ರಾತ್ರಿಯಿಡೀ. ಬಿಳಿ ವಿನೆಗರ್ ಕೂಡ ನಡೆಯುತ್ತದೆ, ನಿಧಾನ. ಆಮ್ಲದ ದಿನ ಬ್ಲೀಚ್ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲವೇ ಹೊರಬರುತ್ತದೆ. ಈ ಎಚ್ಚರಿಕೆ ಪಾತ್ರೆಯ ಜೊತೆ ಕೊಡುವ ಕಾಗದದಲ್ಲಿದ್ದರೆ ಸಾಲದು, ಕಾಗದ ಮೊದಲ ದಿನವೇ ಕಳೆದುಹೋಗುತ್ತದೆ. ಪಾತ್ರೆಯ ತಳದಲ್ಲೇ ಉಬ್ಬು ಚಿತ್ರವಾಗಿ ಇರಲಿ.

ಮಾದರಿ ಮಾಡಿ ನೋಡುವಾಗ

ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಮಾದರಿ ಆಕಾರ ನೋಡುವುದಕ್ಕೆ ಮಾತ್ರ. ಪದರಗಳ ನಡುವಿನ ಸಂದುಗಳಲ್ಲಿ ದ್ರವ ಇಳಿಯುತ್ತದೆ, ತೊಳೆದರೂ ಬರುವುದಿಲ್ಲ. ಅದನ್ನು ರೋಗಿಗೆ ಕೊಡದೆ ಬಣ್ಣದ ನೀರಿನಲ್ಲಿ ಪರೀಕ್ಷಿಸಿ. ಪೊರೆಯ ಪ್ರಶ್ನೆ ಬಿಟ್ಟು ಉಳಿದ ಪ್ರಯೋಗಗಳಿಗೆ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ, 9 ಗ್ರಾಂ ಉಪ್ಪು ಹಾಕಿದರೆ ಮೂತ್ರಕ್ಕೆ ಸಾಕಷ್ಟು ಹತ್ತಿರವಾಗುತ್ತದೆ.

ತೊಳೆತ ಎಷ್ಟು ಚೆನ್ನಾಗಿ ಆಗುತ್ತದೆ ಎಂದು ಕಣ್ಣಾರೆ ಕಾಣಲು ರೈಬೊಫ್ಲೇವಿನ್ (ಬಿ2 ವಿಟಮಿನ್) ಪರೀಕ್ಷೆಯಷ್ಟು ಒಳ್ಳೆಯದು ಬೇರಿಲ್ಲ. ಔಷಧ ತಯಾರಿಕೆಯ ತೊಟ್ಟಿಗಳಿಗೆ ಬಳಸುವ ವಿಧಾನ ಇದು. ಲೀಟರ್ ನೀರಿಗೆ 0.2 ಗ್ರಾಂ ರೈಬೊಫ್ಲೇವಿನ್ ಕರಗಿಸಿ ಒಳಮೈಗೆಲ್ಲ ತಾಗಿಸಿ, ಆರಲು ಬಿಟ್ಟು, ಸಾಮಾನ್ಯ ಮನುಷ್ಯ ತೊಳೆಯುವಂತೆ ಒಂದೇ ಸಲ ತೊಳೆದು, ಕತ್ತಲಲ್ಲಿ 365 ನ್ಯಾನೋಮೀಟರ್ ನೇರಳಾತೀತ ಟಾರ್ಚ್ ಬಿಡಿ. ಹಸಿರುಹಳದಿಯಾಗಿ ಹೊಳೆಯುವ ಜಾಗಗಳೇ ನಿಮ್ಮ ತಪ್ಪುಗಳ ನಕ್ಷೆ. ಹೆಚ್ಚಾಗಿ ಹೊಳೆಯುವುದು ಕುತ್ತಿಗೆ ಹೊಟ್ಟೆಗೆ ಸೇರುವ ಒಳತಿರುವು, ಸಿಲಿಕೋನ್ ಪಟ್ಟಿಯ ಅಡಿ, ಹಿಡಿಯ ಬುಡ. ತೊಳೆಯಲು ವಿನ್ಯಾಸಕಾರರನ್ನೇ ಬಿಡಬೇಡಿ. ಎಲ್ಲಿ ಕೊಳೆ ಕೂರುತ್ತದೆಂದು ಬಲ್ಲವರು ಅಲ್ಲೇ ಜಾಸ್ತಿ ಉಜ್ಜುತ್ತಾರೆ.

ಇದೇ ಪರೀಕ್ಷೆಯನ್ನು ಬ್ಲೀಚ್, ಆಮ್ಲ, ಬಿಸಿನೀರಿನ 100 ಸುತ್ತು ಮುಗಿದ ಪಾತ್ರೆಯ ಮೇಲೂ ಮಾಡಿ. ಹೊಸತರಲ್ಲಿ ಕತ್ತಲಾಗಿದ್ದ ಜಾಗ ಹಳತರಲ್ಲಿ ಹೊಳೆದರೆ ಮೇಲ್ಮೈ ಸವೆದಿದೆ ಎಂದರ್ಥ, ಬದಲಿಸುವ ಕಾಲವನ್ನು ಅದಕ್ಕಿಂತ ಮೊದಲೇ ನಿಗದಿ ಮಾಡಬೇಕು. ಪಾತ್ರೆಗೆ ಬಿರುಕು ಬಿಟ್ಟಿದ್ದರೆ, ಆಮ್ಲದ ಮರುದಿನವೂ ಒಣ ಪಾತ್ರೆ ನಾರುತ್ತಿದ್ದರೆ, ಸಿಲಿಕೋನ್ ಪಟ್ಟಿ ಸಡಿಲಗೊಂಡಿದ್ದರೆ ತಾರೀಖು ನೋಡುವ ಅಗತ್ಯವಿಲ್ಲ, ಅಂದೇ ಎಸೆಯಬಹುದು. ಪಟ್ಟಿ ಮತ್ತು ಕವಾಟ ಪಾತ್ರೆಗಿಂತ ಮೊದಲೇ ಹಾಳಾಗುವುದರಿಂದ ಅವನ್ನು ಬಿಡಿಯಾಗಿ ಮಾರುವ ಏರ್ಪಾಡು ಇರಬೇಕು. ಇಲ್ಲದಿದ್ದರೆ ಜನ ಅವನ್ನು ತೆಗೆದಿಟ್ಟು ಬರಿಯ ಪ್ಲಾಸ್ಟಿಕ್ ಅಂಚಿನಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ.